ಅಕ್ಷಯವಾಗುವುದು ಯಾರಿಗೆ?



ಅಕ್ಷಯ ತದಿಗೆ ಹತ್ತಿರವಾದಂತೆ ಪತ್ರಿಕೆಯ ಮೊದಲ ಪುಟದಲ್ಲಿ ಸುದ್ದಿಗೆ ಜಾಗವಿರುವುದಿಲ್ಲ. ಅಲ್ಲಿ ಮೈತುಂಬ ಒಡವೆ ತೊಟ್ಟ ಮದುಮಗಳು ನಗುತ್ತಿರುತ್ತಾಳೆ. ಅಂದು ಗುಲಗಂಜಿಯಷ್ಟಾದರೂ ಚಿನ್ನ ಕೊಳ್ಳದಿದ್ದರೆ ಮನೆಗೆ ಶ್ರೇಯಸ್ಸಿಲ್ಲವೆಂಬ ಅಳುಕನ್ನು ಜಾಹೀರಾತುಗಳು ಬಿತ್ತಿವೆ. ಇದೇ ನಮ್ಮ ಸಂಸ್ಕೃತಿ ಎನ್ನುತ್ತಾರೆ. ನಿಜವೇ?

ನಮ್ಮ ಅಜ್ಜಿಯರ ಪಾಲಿಗೆ ವೈಶಾಖ ಶುದ್ಧ ತದಿಗೆ ದಾನದ ದಿನವಾಗಿತ್ತು. ಬಿರುಬೇಸಿಗೆಯಲ್ಲಿ ನೀರು ತುಂಬಿದ ಕೊಡ, ಮಜ್ಜಿಗೆ, ಬೀಸಣಿಗೆ ಕೊಡುತ್ತಿದ್ದರು. ಕೊಟ್ಟದ್ದರ ಪುಣ್ಯ ಅಕ್ಷಯವೆಂಬುದು ನಂಬಿಕೆ. ಅದೇ ದಿನ ಬಸವ ಜಯಂತಿಯೂ ಹೌದು. ಕಾಯಕ, ದಾಸೋಹಗಳನ್ನು ಬೋಧಿಸಿದ ಬಸವಣ್ಣನವರನ್ನು ಸರ್ಕಾರ 2024ರಲ್ಲಿ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆದರೆ ಜನ ಸೇರುವುದು ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ! ಕೊಡುವ ಹಬ್ಬವನ್ನು ಕೊಳ್ಳುವ ಹಬ್ಬವಾಗಿಸಿದ್ದು ವ್ಯಾಪಾರ.

ವ್ಯಾಪಾರಿಗಳು ವ್ಯಾಪಾರ ಮಾಡಲಿ. ಅಕ್ಕಸಾಲಿಗರ ಹೊಟ್ಟೆಪಾಡೂ ಅದರಲ್ಲಿದೆ. ನಮ್ಮ ತಕರಾರು ಬೇರೆ. ಮದುವೆ ಮಾತುಕತೆ ಈಗ ಗ್ರಾಂ ಲೆಕ್ಕದಲ್ಲಿ ನಡೆಯುತ್ತದೆ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೂರು ಗ್ರಾಂ ಹಾಕಿ ಕಳಿಸಿ" ಎನ್ನುತ್ತಾರೆ. 2015ರಲ್ಲಿ 10 ಗ್ರಾಂ ಅಪರಂಜಿಯ ಬೆಲೆ 26,000 ರೂಪಾಯಿ ಆಸುಪಾಸಿನಲ್ಲಿತ್ತು. 2025ರ ಏಪ್ರಿಲ್‌ನಲ್ಲಿ 1 ಲಕ್ಷ ಮುಟ್ಟಿತು. ಗಂಡಿನ ಕಡೆಯವರ ಗ್ರಾಂ ಅಷ್ಟೇ ಉಳಿದರೂ ಹೆಣ್ಣು ಹೆತ್ತವರ ಹೊರೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಮಜೂರಿ, ವೇಸ್ಟೇಜು, ತೆರಿಗೆ ಬೇರೆ.

"ಚಿನ್ನ ಹೆಣ್ಣಿನ ಆಪದ್ಧನವಲ್ಲವೇ?" ಎಂದು ಸಂಘದ ಸಭೆಗಳಲ್ಲಿ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಿಮ್ಮಲ್ಲಿ ಎಷ್ಟೋ ಜನ ಬಳೆ ಅಡವಿಟ್ಟು ಮಕ್ಕಳ ಫೀಸು ಕಟ್ಟಿದ್ದೀರಿ. ಆದರೆ ಬೀರುವಿನ ಬೀಗದ ಕೈ ಯಾರ ಬಳಿ ಇದೆ? ಮಗಳ ಸರಕ್ಕೆಂದು ತೆಗೆದ ಸಾಲದ ಕಂತನ್ನು ತಾಯಿ ಇನ್ನೂ ಕಟ್ಟುತ್ತಿರುವಾಗಲೇ ಅಳಿಯ ಆ ಸರವನ್ನು ಗಿರವಿ ಇಟ್ಟದ್ದನ್ನು ನಾನೇ ಕಂಡಿದ್ದೇನೆ. ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು, ಗಂಡನಿಗೆ ಅದರಲ್ಲಿ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿತು. 89 ಸವರನ್ ಕಳೆದುಕೊಂಡಿದ್ದ ಕೇರಳದ ಮಹಿಳೆಯೊಬ್ಬರಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಆಕೆಯ ಮದುವೆಯಾದದ್ದು 2003ರಲ್ಲಿ! ಹಕ್ಕು ಕಾನೂನಿನಲ್ಲಿದ್ದರೆ ಸಾಲದು, ಕೈಯಲ್ಲಿ ಪುರಾವೆಯೂ ಇರಬೇಕು.

1961ರ ಕಾಯಿದೆಯಂತೆ ವರದಕ್ಷಿಣೆ ಪಡೆಯುವುದೂ ಕೊಡುವುದೂ ಅಪರಾಧ. ಪ್ರೀತಿಯ ಉಡುಗೊರೆಗೂ 1985ರ ನಿಯಮದ ಪ್ರಕಾರ ಪಟ್ಟಿ ಇರಬೇಕು: ಏನು ಕೊಟ್ಟದ್ದು, ಅಂದಾಜು ಬೆಲೆಯೆಷ್ಟು, ಯಾರು ಕೊಟ್ಟರು ಎಂದು ಬರೆದು ವಧೂವರರು ಸಹಿ ಹಾಕಬೇಕು. ಬಿಲ್ಲು ಮಗಳ ಹೆಸರಿನಲ್ಲಿರಲಿ. ಒಡವೆಯ ಮೇಲಿನ 6 ಅಂಕಿ-ಅಕ್ಷರಗಳ ಹಾಲ್‌ಮಾರ್ಕ್ ಗುರುತನ್ನೂ ಪಟ್ಟಿಯಲ್ಲಿ ಬರೆಯಿಸಿ. ಪ್ರತಿಯೊಂದು ತವರಿನಲ್ಲಿರಲಿ.

ಇನ್ನೊಂದು ಮಾತು. ವಾರವಾರವೂ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಸಂಘದ ಹಣ ಮಗಳ ಓದಿಗೆ, ಹೊಲಿಗೆ ಯಂತ್ರಕ್ಕೆ, ಹಸುವಿಗೆ ಹೋಗಲಿ; ಬೀಗರು ಕೇಳಿದ ಚಿನ್ನಕ್ಕೆ ಸಾಲವಿಲ್ಲವೆಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ. ಬರುವ ಅಕ್ಷಯ ತದಿಗೆಯಂದೇ ಸಭೆ ಕರೆಯಿರಿ. ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಟ್ಟು ಈ ಚರ್ಚೆ ಆರಂಭಿಸಿ. ಏನು ತೀರ್ಮಾನವಾಯಿತೆಂದು ನಮಗೆ ಬರೆದು ತಿಳಿಸಿ.