ಏಜೆಂಟ್ ಯಾರ ಮನುಷ್ಯ ಎಂಬುದನ್ನು ಬ್ಯಾಂಕು ಹೇಳಲಿ



ಕಾರವಾರದಲ್ಲಿ ನಡೆದ ಗೃಹಸಾಲ ಮೇಳದ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಮಧ್ಯಮ ವರ್ಗದ ಮನೆ ಬಾಗಿಲಿಗೇ ಸಾಲ ಬಂದಿದೆ ಎಂಬ ಮಾತು ಅದರಲ್ಲಿತ್ತು. ನಮ್ಮ ಮನೆ ಬಾಗಿಲಿಗೆ ಬಂದದ್ದು ಸಾಲವಲ್ಲ, ಸಾಲ ಕೊಡಿಸುವ ಏಜೆಂಟ್. ಅವರ ಮಾತು ನಂಬಿ ನನ್ನ ಮಗಳು ಮತ್ತು ಅಳಿಯ ಮುಂಗಡದ ಹಣ ಕಳೆದುಕೊಂಡರು. ಕೇಳಲು ಹೋದರೆ ಬ್ಯಾಂಕಿನಲ್ಲಿ ಸಿಕ್ಕ ಉತ್ತರ: "ಅವರು ನಮ್ಮ ಸಿಬ್ಬಂದಿಯಲ್ಲ, ಅವರು ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ." ಈ ಒಂದು ವಾಕ್ಯಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಮಗಳು, ಅಳಿಯ ಇಬ್ಬರೂ ಗೋವಾದಲ್ಲಿ ದುಡಿಯುತ್ತಾರೆ. ಊರಲ್ಲೊಂದು ನೆಲೆ ಬೇಕೆಂಬ ಆಸೆ. ಅವರ್ಸಾದ ಹತ್ತಿರ, ಹೆದ್ದಾರಿಯಿಂದ ತುಸು ಒಳಗೆ, ತೆಂಗಿನ ಹಿತ್ತಲಿನ ನಡುವೆ ಇಬ್ಬರು ದಾಯಾದಿಗಳಿಗೆ ಸೇರಿದ ಹಳೆಯ ಮನೆಯೊಂದಿದೆ. ಅದರಲ್ಲಿ ಅರ್ಧ ಪಾಲು ಮಾರಾಟಕ್ಕಿತ್ತು. ಉಳಿದರ್ಧದಲ್ಲಿ ಅಳಿಯನ ಸೋದರಮಾವನ ಮಕ್ಕಳೇ ಇರುವುದರಿಂದ ಜಗಳದ ಭಯವಿರಲಿಲ್ಲ. ಆದರೆ ಪಹಣಿ ಜಂಟಿ. ಅದರಲ್ಲಿ ತೀರಿಕೊಂಡವರ ಹೆಸರು ಇನ್ನೂ ಹಾಗೆಯೇ ಇದೆ, ಮದುವೆಯಾಗಿ ಮುಂಬೈ ಸೇರಿದ ಹೆಣ್ಣುಮಕ್ಕಳ ಹೆಸರೂ ಇದೆ. ಜಾಗ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಆಗಿಲ್ಲ. ಇದರಲ್ಲಿ ಯಾವುದನ್ನೂ ನಾವು ಮುಚ್ಚಿಡಲಿಲ್ಲ. ಪಹಣಿ, ವಂಶವೃಕ್ಷ, ಋಣಭಾರ ಪತ್ರ, ಪಂಚಾಯಿತಿಯ ತೆರಿಗೆ ರಸೀದಿ ಎಲ್ಲವನ್ನೂ ಏಜೆಂಟರ ಕೈಗಿಟ್ಟೆವು. ಅವರು ತಿರುವಿ ಹಾಕಿ ಹೇಳಿದರು: "ಜಂಟಿ ಇದ್ದರೂ ಅಡ್ಡಿಲ್ಲ, ನಾನು ಮಾಡಿಸ್ತೆ."

ಫೈಲ್ ಚಾರ್ಜ್ ಎಂದು ಹಣ ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಸ್ವಲ್ಪ ದಿನದಲ್ಲಿ ಬ್ಯಾಂಕಿನ ಹೆಸರಿದ್ದ ಮಂಜೂರಾತಿ ಪತ್ರವನ್ನು ವಾಟ್ಸಾಪಿಗೆ ಕಳಿಸಿ, ಈಗ ಧೈರ್ಯವಾಗಿ ಕರಾರು ಮಾಡಿಕೊಳ್ಳಿ ಎಂದರು. ಕರಾರಾಯಿತು, ಮುಂಗಡ ಕೊಟ್ಟದ್ದಾಯಿತು. ಅದಾದ ಮೇಲೆ ಕಾಗದಪತ್ರ ಬ್ಯಾಂಕಿನ ವಕೀಲರ ಮೇಜಿಗೆ ಹೋಯಿತು. ಅವಿಭಕ್ತ ಪಾಲಿನ ಮೇಲೆ, ಅದೂ ಕೃಷಿ ಜಮೀನಿನಲ್ಲಿರುವ ಮನೆಗೆ, ಸಾಲ ಆಗದು ಎಂದು ಅವರು ಬರೆದರು. ಹಾಗಾದರೆ ಮಂಜೂರಾತಿ ಪತ್ರ? ಅದು ಸಂಬಳದ ಚೀಟಿ ನೋಡಿ ಕೊಟ್ಟದ್ದಂತೆ, ಆಸ್ತಿ ನೋಡಿ ಅಲ್ಲವಂತೆ. ಈ ವಿಷಯ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿತ್ತು. ಅಷ್ಟರಲ್ಲಿ ಕರಾರಿನ ಅವಧಿ ಮುಗಿಯಿತು, ಮುಂಗಡವೂ ಹೋಯಿತು.

ವಕೀಲರು ಹೇಳಿದ ಕಾನೂನು ನಿನ್ನೆ ಮೊನ್ನೆಯದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಲ್ಲೇ ಇದೆ: ಸಹಮಾಲೀಕ ತನ್ನ ಪಾಲನ್ನು ಮಾರಬಹುದು, ಆದರೆ ಅವಿಭಕ್ತ ಕುಟುಂಬದ ವಾಸದ ಮನೆಯ ಪಾಲನ್ನು ಹೊರಗಿನವರು ಕೊಂಡರೆ ಆ ಮನೆಯಲ್ಲಿ ಕೂಡಿ ವಾಸಿಸುವ ಹಕ್ಕು ಆ ಕಲಮಿನಿಂದ ಬರುವುದಿಲ್ಲ. ಹಾಗೆ ಕೊಂಡವರು ಪಾಲು ಕೇಳಿ ದಾವೆ ಹೂಡಿದರೆ, ಕುಟುಂಬದವರೇ ಆ ಪಾಲನ್ನು ಬೆಲೆ ಕೊಟ್ಟು ತೆಗೆದುಕೊಳ್ಳಲು 1893ರ ವಿಭಜನಾ ಕಾಯ್ದೆ ಅವಕಾಶ ಕೊಡುತ್ತದೆ. ಸಾಲ ತೀರದಿದ್ದರೆ ಬ್ಯಾಂಕು ಮನೆ ಜಪ್ತಿ ಮಾಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದೇ ಇಲ್ಲ. ಇಂಥ ಪಾಲನ್ನು ಅಡವಿಟ್ಟುಕೊಂಡ ಬ್ಯಾಂಕು ಅದನ್ನು ಯಾರಿಗೆ ಹರಾಜು ಹಾಕೀತು? ದಿನವೂ ಗೃಹಸಾಲದ ಕಡತ ಹೊತ್ತು ತಿರುಗುವ ಏಜೆಂಟರಿಗೆ ಇದು ತಿಳಿಯದು ಎಂದರೆ ನಾನು ಒಪ್ಪುವುದಿಲ್ಲ. ತಿಳಿದೇ "ಅಡ್ಡಿಲ್ಲ" ಎಂದರು. ಬ್ಯಾಂಕು ಕಮಿಷನ್ ಕೊಡುವುದು ಸಾಲ ಕೈಸೇರಿದ ಮೇಲೆ. ಗಿರಾಕಿಯಿಂದ ಕಿತ್ತ ಫೈಲ್ ಚಾರ್ಜ್ ಮಾತ್ರ ಸಾಲ ಆದರೂ ಅವರದೇ, ಆಗದಿದ್ದರೂ ಅವರದೇ.

ಈಗ ಬ್ಯಾಂಕಿನ ಮಾತಿಗೆ ಬರುತ್ತೇನೆ. ಹೊರಗಿನವರಿಂದ ಕೆಲಸ ಮಾಡಿಸಿದರೂ ಅಂತಿಮ ಹೊಣೆ ಬ್ಯಾಂಕಿನದೇ, ಸಾಲದ ಗಿರಾಕಿ ತರುವ ಏಜೆಂಟರ ನಡತೆಗೂ ಬ್ಯಾಂಕೇ ಉತ್ತರಿಸಬೇಕು ಎಂದು ರಿಸರ್ವ್ ಬ್ಯಾಂಕು 2006ರಲ್ಲೇ ಹೇಳಿದೆ. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು, ಸಾಲದ ಮೊತ್ತ ಎಷ್ಟೇ ಇರಲಿ, ಎಂದು 2007ರಲ್ಲಿ ಹೇಳಿದೆ. ಬಡ್ಡಿ, ವಕೀಲರ ಶುಲ್ಕ, ವಿಮೆ ಸೇರಿ ಸಾಲಗಾರನಿಂದ ಪಡೆಯುವುದನ್ನೆಲ್ಲ ಮೊದಲೇ ಒಂದು ಹಾಳೆಯಲ್ಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನನ್ನ ಮಗಳಿಗೆ ಲಿಖಿತ ಕಾರಣವೂ ಸಿಗಲಿಲ್ಲ, ಕನ್ನಡದ ಹಾಳೆಯೂ ಸಿಗಲಿಲ್ಲ. ಶಾಖೆಯೊಳಗೆ ಕುರ್ಚಿ ಹಾಕಿಕೊಂಡು, ಬ್ಯಾಂಕಿನದೇ ಅರ್ಜಿ ನಮೂನೆ ಹಿಡಿದು, ಬ್ಯಾಂಕಿನ ಹೆಸರು ಹೇಳಿ ಹಣ ಪಡೆಯುವ ವ್ಯಕ್ತಿ "ನಮ್ಮವರಲ್ಲ" ಎಂದಾದರೆ, ಅವರನ್ನು ಒಳಗೆ ಕೂರಿಸಿದವರು ಯಾರು?

ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ಆಗುತ್ತದೆಂದು ಏಜೆಂಟರು ನಮ್ಮನ್ನು ಕೇಳದೆಯೇ ಅರ್ಜಿಯನ್ನು ಬೇರೆ ಬೇರೆ ಸಾಲಸಂಸ್ಥೆಗಳಿಗೆ ಕಳಿಸಿದ್ದರು. ಅರ್ಜಿ ಹೋದ ಕಡೆಯಲ್ಲೆಲ್ಲ ಸಾಲದ ಚರಿತ್ರೆಯನ್ನು ತೆಗೆದು ನೋಡುತ್ತಾರೆ, ಅದು ದಾಖಲಾಗುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ. ಒಂದು ಕಂತನ್ನೂ ತಪ್ಪಿಸದ ಅಳಿಯನ ಅಂಕ ಹೀಗೆ ಕೆಳಗಿಳಿಯಿತು. ಕೊನೆಗೆ ಏಜೆಂಟರು ಹೆಚ್ಚಿನ ಬಡ್ಡಿಯ ಫೈನಾನ್ಸ್ ಕಂಪನಿಯೊಂದರ ಹೆಸರು ಹೇಳಿ, ಅಲ್ಲಿ ಪಹಣಿಯನ್ನು ಇಷ್ಟೆಲ್ಲ ನೋಡುವುದಿಲ್ಲ ಎಂದರು. ಮೊದಲಿನಿಂದಲೂ ನಮ್ಮನ್ನು ಅಲ್ಲಿಗೇ ಮುಟ್ಟಿಸುವ ಲೆಕ್ಕವಿತ್ತೆಂದು ನನಗೀಗ ಅನಿಸುತ್ತಿದೆ.

ಜಂಟಿ ಪಹಣಿಯ ಜಾಗಕ್ಕೆ ಹೋದದ್ದೇ ಏಕೆ, ಸ್ವಂತ ಸೈಟು ಕೊಳ್ಳಬಹುದಿತ್ತಲ್ಲ ಎಂದು ಬ್ಯಾಂಕಿನ ಅಧಿಕಾರಿಯೊಬ್ಬರು ಕೇಳಿದರಂತೆ. ಅವರು ಈ ಜಿಲ್ಲೆಗೆ ಹೊಸಬರಿರಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ, ನಡುವೆ ಒಂದು ಪಟ್ಟಿ ನೆಲ ನಮ್ಮದು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು, 2005ರಲ್ಲಿ ಅದು ಐಎನ್ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಆ ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಊರುಗಳು ದೇಶದ ರಕ್ಷಣೆಗೆಂದು ಮನೆ ಹಿತ್ತಲು ಬಿಟ್ಟು ಎದ್ದವು. ಉಳಿದ ನೆಲದಲ್ಲಿ ಕರಾವಳಿ ನಿಯಂತ್ರಣ ವಲಯದ ಗೆರೆ, ಅರಣ್ಯದ ಗೆರೆ, ಹೆದ್ದಾರಿಯ ಗೆರೆ. ಇನ್ನುಳಿದದ್ದು ಅಜ್ಜನ ಕಾಲದಿಂದ ಭಾಗವಾಗದೆ ಬಂದ ಇಂಥ ಹಿತ್ತಲುಗಳು. ಸಂಬಳದ ಮೇಲೆ ಬದುಕುವವರು ಬೇರೆಲ್ಲಿ ಮನೆ ಹುಡುಕಬೇಕು?

ಹಿತ್ತಲನ್ನು ಭಾಗ ಮಾಡಿಸೋಣವೆಂದರೆ ಅದು ಇನ್ನೊಂದು ಗೋಳು. ಮೊದಲು ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು, ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ ಬೇಕು, ಮೋಜಣಿದಾರರು ಬಂದು 11ಇ ನಕ್ಷೆ ಕೊಡಬೇಕು, ಆಮೇಲೆ ಪಾಲು ಬೇರ್ಪಡಿಸುವ ಪೋಡಿ, ಆಮೇಲೆ ಬಿನ್‌ಶೇತ್ಕಿ. ಪೋಡಿ ಮುಕ್ತ ಗ್ರಾಮ ಎಂಬ ಘೋಷಣೆ ಕೇಳಿ ನಮ್ಮ ಕಿವಿ ತುಂಬಿದೆ, ಹಿತ್ತಲಿಗೆ ಅಳತೆಯ ಸರಪಳಿ ಬಂದಿಲ್ಲ. ಇದು ಸಾಲದೆಂದು ಸರ್ಕಾರ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿತು. ಹಳ್ಳಿಯಲ್ಲಿ 30 ಲಕ್ಷದ ಮನೆ ಕೊಂಡರೆ ಮುದ್ರಾಂಕ, ಸೆಸ್, ಸರ್ಚಾರ್ಜ್, ನೋಂದಣಿ ಸೇರಿ ಶೇ. 7.65, ಅಂದರೆ 2,29,500 ರೂಪಾಯಿ. ಈ ಖರ್ಚನ್ನು ಬ್ಯಾಂಕು ಮನೆಯ ಬೆಲೆಗೆ ಸೇರಿಸುವುದಿಲ್ಲ. ಬೆಲೆಯ ಶೇ. 90ಕ್ಕಿಂತ ಹೆಚ್ಚು ಸಾಲವನ್ನೂ ಕೊಡುವಂತಿಲ್ಲ. ಹೀಗೆ ಕಡಿಮೆಯೆಂದರೂ ಐದೂಕಾಲು ಲಕ್ಷಕ್ಕಿಂತ ಹೆಚ್ಚು ಕೈಯಲ್ಲಿರಬೇಕು. ಏಜೆಂಟರ ಫೈಲ್ ಚಾರ್ಜ್ ಈ ಲೆಕ್ಕದ ಹೊರಗಿನದು.

1930ರ ಉಪ್ಪಿನ ಸತ್ಯಾಗ್ರಹ ನಡೆಸಿದ, ಕರ ಕೊಡಲೊಲ್ಲೆವೆಂದು ಜಮೀನನ್ನೇ ಕಳೆದುಕೊಂಡ ರೈತರ ತಾಲ್ಲೂಕು ನಮ್ಮದು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಅಂಕೋಲೆಗೆ ಯಾರೋ ಪುಕ್ಕಟೆ ಕೊಟ್ಟದ್ದಲ್ಲ. ಅವರ ಮೊಮ್ಮಕ್ಕಳು ಒಂದು ಬ್ಯಾಂಕಿನ ಕೌಂಟರಿನ ಮುಂದೆ, ಅವರು ನಿಮ್ಮವರೋ ಅಲ್ಲವೋ ಎಂದು ಕೈಮುಗಿದು ಕೇಳುವ ಸ್ಥಿತಿ ಬಂದಿರುವುದು ನನಗೆ ತೀರಾ ಅವಮಾನವೆನಿಸುತ್ತದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಬ್ಯಾಂಕುಗಳ ಜಿಲ್ಲಾ ಸಮಿತಿಯ ಸಭೆ ನಡೆಯುತ್ತದೆ. ಎಷ್ಟು ಕೋಟಿ ಸಾಲ ಹಂಚಿದೆವೆಂಬ ಲೆಕ್ಕದ ಜೊತೆಗೆ ಇದನ್ನೂ ಅಲ್ಲಿ ಕೇಳಲಿ. ಗೃಹಸಾಲ ಕೊಡುವ ಪ್ರತಿ ಶಾಖೆಯೂ ತನ್ನ ಅಧಿಕೃತ ಏಜೆಂಟರ ಹೆಸರನ್ನು ಕನ್ನಡದಲ್ಲಿ ಬರೆದು ಬಾಗಿಲಲ್ಲಿ ಹಾಕಲಿ. ಏಜೆಂಟರು ಗಿರಾಕಿಯಿಂದ ಹಣ ಪಡೆಯುವಂತಿಲ್ಲ ಎಂದೂ ಅಲ್ಲೇ ಬರೆಯಲಿ. ಆಸ್ತಿಯ ಕಾಗದ ವಕೀಲರು ನೋಡುವ ಮೊದಲು ಮಂಜೂರಾತಿ ಎಂಬ ತಲೆಬರಹದ ಪತ್ರವನ್ನು ಯಾರ ಕೈಗೂ ಕೊಡದಿರಲಿ.

ಮಗಳು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿದ್ದಾಳೆ. 30 ದಿನದೊಳಗೆ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಹೋಗುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ. ಇದೇ ರೀತಿ ಮೋಸಹೋದವರು ಕಾರವಾರ, ಅಂಕೋಲಾದಲ್ಲಿ ಇನ್ನೂ ಇದ್ದಾರೆಂದು ಬಲ್ಲೆ. ಅವರೂ ಬರೆದು ಕೊಡಲಿ. ಮೇಳದ ಸುದ್ದಿಯನ್ನು ಅಷ್ಟು ದೊಡ್ಡದಾಗಿ ಹಾಕಿದ ತಾವು ಈ ಪತ್ರವನ್ನೂ ಹಾಕಿ, ಮೇಳ ನಡೆಸಿದವರಿಂದ ಉತ್ತರ ಪಡೆದು ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಅಂಕೋಲಾ ತಾಲ್ಲೂಕು