ಮೂಕಪ್ರಾಣಿಯ ಮದ್ದೂ ಮಾರಾಟದ ತೆರಿಗೆಯೂ

ಮನೆಯ ಆಯವ್ಯಯದ ಲೆಕ್ಕವನ್ನು ತಪ್ಪದೆ ಬರೆದಿಡುವ ಗೃಹಸ್ಥರು ಈಚೆಗೆ ಅದರಲ್ಲಿ ಒಂದು ಹೊಸ ಬಾಬನ್ನು ಸೇರಿಸಬೇಕಾಗಿ ಬಂದಿದೆ. ಅದು ಸಾಕಿದ ನಾಯಿಬೆಕ್ಕುಗಳ ವೈದ್ಯದ ವೆಚ್ಚ. ನಮ್ಮ ಹಿರಿಯರ ಕಾಲದಲ್ಲಿ ನಾಯಿಯು ಹಿತ್ತಲ ಬಾಗಿಲಿನಲ್ಲಿ ಮಿಕ್ಕ ಅನ್ನವನ್ನುಂಡು ಬದುಕುತ್ತಿದ್ದಿತು. ರೋಗ ಬಂದರೆ ತಾನಾಗಿ ಗುಣಹೊಂದುತ್ತಿದ್ದಿತು, ಇಲ್ಲವೇ ಸಾಯುತ್ತಿದ್ದಿತು. ಈಗ ಅದು ಒಳಮನೆಗೆ ಬಂದು ಮಕ್ಕಳ ಜೊತೆಗಾರನಾಗಿದೆ. ಅದಕ್ಕೆ ಕಾಯಿಲೆಯಾದರೆ ಮಕ್ಕಳು ಊಟ ಬಿಡುವರು. ಯಜಮಾನನು ವೈದ್ಯರ ಬಿಲ್ಲನ್ನು ನೋಡಿ ನಿಟ್ಟುಸಿರು ಬಿಡುವನು. “ಈ ಮೂಕಪ್ರಾಣಿಯ ಮದ್ದಿನ ಮೇಲೆಯೂ ಸರ್ಕಾರದವರು ತೆರಿಗೆ ಹಾಕಬೇಕೆ?” ಎಂದು ಕೇಳುವವರು ಅನೇಕರು. ಈ ತಿಂಗಳು ಆ ಪ್ರಶ್ನೆಯನ್ನೇ ವಿಚಾರಮಾಡೋಣ.

ಮಾರಾಟದ ತೆರಿಗೆಯೆಂಬುದು ನಮ್ಮ ಸೀಮೆಗೆ ಬಹಳ ಹಳೆಯದೇನೂ ಅಲ್ಲ. ಮದರಾಸು ಪ್ರಾಂತದಲ್ಲಿ ಅದು 1939ರಲ್ಲಿ ಬಂದಿತು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಶಾಸನವಾಯಿತು. 2005ರಲ್ಲಿ ಕರ್ನಾಟಕದಲ್ಲಿ ಅದರ ಸ್ಥಾನಕ್ಕೆ ಮೌಲ್ಯವರ್ಧಿತ ತೆರಿಗೆಯು ಬಂದಿತು. 2017ನೆಯ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಆದ ಸರಕು ಮತ್ತು ಸೇವಾ ತೆರಿಗೆಯು, ಎಂದರೆ ಎಲ್ಲರ ಬಾಯಲ್ಲಿರುವ ಜಿ.ಎಸ್.ಟಿ.ಯು, ಜಾರಿಯಲ್ಲಿದೆ.

ಈ ತೆರಿಗೆಯು ನಮ್ಮ ಪ್ರಾಣಿಯ ವೆಚ್ಚವನ್ನು ಮೂರು ಬಗೆಯಾಗಿ ಕಾಣುತ್ತದೆ. ಮೊದಲನೆಯದು ವೈದ್ಯರ ಶುಲ್ಕ: ಪಶುವೈದ್ಯಶಾಲೆಯವರು ಪ್ರಾಣಿಪಕ್ಷಿಗಳಿಗೆ ಮಾಡುವ ಚಿಕಿತ್ಸೆಗೆ 2017ರಿಂದಲೇ ತೆರಿಗೆಯಿಲ್ಲ. ಎರಡನೆಯದು ಔಷಧ: ಬಹುಮಟ್ಟಿಗೆ ಶೇಕಡಾ 12 ಇದ್ದುದು 2025ನೆಯ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಮೂರನೆಯದು ಪೊಟ್ಟಣದಲ್ಲಿ ಮಾರುವ ನಾಯಿಬೆಕ್ಕುಗಳ ಆಹಾರ: ಅದರ ಮೇಲೆ ಶೇಕಡಾ 18. ದನದ ಹಿಂಡಿಗಾದರೋ ತೆರಿಗೆಯೇ ಇಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡಿರಿ. ವೈದ್ಯರ ಶುಲ್ಕ 1,000 ರೂಪಾಯಿ, ತೆರಿಗೆ ಸೇರದ ಔಷಧದ ಬೆಲೆ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಿಂದಿನ ದರದಲ್ಲಿ ತೆರಿಗೆ 240 ರೂಪಾಯಿ ಆಗುತ್ತಿದ್ದಿತು. ಈಗ 100 ರೂಪಾಯಿ. ಬ್ರಿಟನ್ನಿನಲ್ಲಿ ವೈದ್ಯರ ಶುಲ್ಕವನ್ನೂ ಬಿಡದೆ ಶೇಕಡಾ 20ರಂತೆ ತೆರಿಗೆಯನ್ನು ವಿಧಿಸುವರು. ಅಲ್ಲಿಯ ಲೆಕ್ಕದಂತಾದರೆ ಇದೇ ಬಿಲ್ಲಿಗೆ 600 ರೂಪಾಯಿ ತೆರಬೇಕಾದೀತು. ಆದುದರಿಂದ ನಮ್ಮ ಬಿಲ್ಲು ಭಾರವಾಗಿರುವುದಕ್ಕೆ ಕಣ್ಣಿಗೆ ಕಾಣುವ ತೆರಿಗೆಯೇ ಮುಖ್ಯ ಕಾರಣವೆಂದು ಹೇಳುವುದು ನ್ಯಾಯವಲ್ಲ.

ಆದರೆ ಕಣ್ಣಿಗೆ ಕಾಣದ ತೆರಿಗೆಯೊಂದುಂಟು. ವರ್ತಕನು ತಾನು ಸರಕನ್ನು ಕೊಳ್ಳುವಾಗ ತೆತ್ತ ತೆರಿಗೆಯನ್ನು, ಮಾರುವಾಗ ವಸೂಲು ಮಾಡಿದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಯಾರ ಸೇವೆಗೆ ತೆರಿಗೆಯೇ ಇಲ್ಲವೋ ಅವರಿಗೆ ಈ ಅನುಕೂಲವೂ ಇಲ್ಲ. ಪಶುವೈದ್ಯರು ಕ್ಷಕಿರಣ ಯಂತ್ರವನ್ನೋ ಶಸ್ತ್ರಕ್ರಿಯೆಯ ಮೇಜನ್ನೋ ಕೊಳ್ಳುವಾಗ ತೆತ್ತ ತೆರಿಗೆಯು ಅವರ ತಲೆಯ ಮೇಲೆಯೇ ಉಳಿದು, ಕೊನೆಗೆ ಶುಲ್ಕದೊಳಗೆ ಅಡಗಿ ನಮ್ಮ ಬಳಿಗೆ ಬರುತ್ತದೆ. ತೆರಿಗೆಯನ್ನು ಬಿಟ್ಟಮಾತ್ರಕ್ಕೆ ಬೆಲೆಯು ಅಷ್ಟೂ ಇಳಿಯುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ದನಕ್ಕೊಂದು ನೀತಿ, ನಾಯಿಗೊಂದು ನೀತಿ ಎಂಬುದು ಇಂದಿನ ಅಧಿಕಾರಿಗಳ ಕಲ್ಪನೆಯೆಂದು ತಿಳಿಯಬಾರದು. ಪ್ರಾಚೀನರ ಪಶುವೈದ್ಯವೂ ಬಹುಮಟ್ಟಿಗೆ ಉಪಯೋಗವನ್ನು ನೋಡಿಯೇ ಬೆಳೆಯಿತು. ಶಾಲಿಹೋತ್ರನ ಹೆಸರಿನ ಶಾಸ್ತ್ರವು ಕುದುರೆಗೆ, ಪಾಲಕಾಪ್ಯನದು ಆನೆಗೆ. ಕನ್ನಡದಲ್ಲಿ 12ನೆಯ ಶತಮಾನದ ಕೀರ್ತಿವರ್ಮನು ಬರೆದುದು ಗೋವೈದ್ಯ. ಯುದ್ಧಕ್ಕೂ ಬೇಸಾಯಕ್ಕೂ ಬೇಕಾದ ಪ್ರಾಣಿಗೆ ಶಾಸ್ತ್ರ. ನಾಯಿಗೆ ಅದರ ಅದೃಷ್ಟ! ಇಂದಿನ ತೆರಿಗೆಯೂ ಹಸುವನ್ನು ಜೀವನೋಪಾಯವೆಂದೂ ನಾಯಿಯನ್ನು ವಿಲಾಸವೆಂದೂ ಎಣಿಸಿದಂತಿದೆ.

ಆದರೂ ಇದೇ ಪ್ರಾಚೀನರಲ್ಲಿ ಇದಕ್ಕಿಂತ ಮೇಲಾದ ಒಂದು ತತ್ತ್ವವಿದೆ. ಕೌಟಿಲ್ಯನು ಅರ್ಥಶಾಸ್ತ್ರದ ಶುಲ್ಕಾಧ್ಯಕ್ಷ ಪ್ರಕರಣದಲ್ಲಿ, ದೇಶಕ್ಕೆ ಮಹೋಪಕಾರವಾಗತಕ್ಕ ಸರಕನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಒಳಗೆ ಬಿಡಬೇಕೆಂದು ವಿಧಿಸಿರುವನು. ಕೊಳ್ಳುವವನು ಯಾರು ಎಂಬುದನ್ನು ಅವನು ಕೇಳಲಿಲ್ಲ. ಉಪಕಾರವು ಎಷ್ಟು ಜನಕ್ಕೆ ಎಂಬುದನ್ನು ಕೇಳಿದನು. ಈ ಒರೆಗಲ್ಲಿಗೆ ನಮ್ಮ ಮೂರು ಬಾಬುಗಳನ್ನೂ ತಿಕ್ಕಿ ನೋಡೋಣ.

ಪೊಟ್ಟಣದ ಆಹಾರವು ನಮ್ಮ ಇಚ್ಛೆಗೆ ಸೇರಿದುದು. ವೈದ್ಯರನ್ನು ಕೇಳಿ ಮನೆಯಲ್ಲಿಯೇ ಹದವಾದ ಆಹಾರವನ್ನು ಮಾಡಿ ಹಾಕುವವನಿಗೆ ಆ ತೆರಿಗೆಯು ತಟ್ಟುವುದಿಲ್ಲ. ಅದರ ಮೇಲೆ ಸರ್ಕಾರದವರು ತೆರಿಗೆ ಹಾಕಿದರೆ ನಾನು ಜಗಳವಾಡಲಾರೆ. ಔಷಧವಾದರೋ ಇಚ್ಛೆಯಿಂದ ಕೊಳ್ಳುವ ವಸ್ತುವಲ್ಲ. ಅದರಲ್ಲಿಯೂ ಹುಚ್ಚುನಾಯಿ ರೋಗವನ್ನು ತಡೆಯುವ ಲಸಿಕೆಯ ಸಂಗತಿಯೇ ಬೇರೆ. ಈ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನು ಬದುಕುವುದು ಇಲ್ಲವೆಂಬಷ್ಟು ವಿರಳ. ಮನುಷ್ಯರಿಗೆ ಅದು ತಗಲುವುದು ಹೆಚ್ಚುಕಡಮೆ ಯಾವಾಗಲೂ ನಾಯಿಯಿಂದಲೇ. ಹಾಗಿರುವಲ್ಲಿ ನಾನು ನನ್ನ ನಾಯಿಗೆ ಹಾಕಿಸುವ ಲಸಿಕೆಯು ನೆರೆಮನೆಯ ಕೂಸಿಗೂ, ಹಾಲು ತರುವ ಹುಡುಗನಿಗೂ ರಕ್ಷೆ. ಮಹೋಪಕಾರವೆಂದರೆ ಇದಲ್ಲದೆ ಮತ್ತಾವುದು? 2025ರಲ್ಲಿ ಮನುಷ್ಯರ ಕೆಲವು ಪ್ರಾಣರಕ್ಷಕ ಔಷಧಗಳ ತೆರಿಗೆಯನ್ನು ಸೊನ್ನೆಗೆ ಇಳಿಸಿದ ಸರ್ಕಾರದವರಿಗೆ ಈ ಲಸಿಕೆಯನ್ನೂ ಆ ಪಟ್ಟಿಗೆ ಸೇರಿಸುವುದು ಕಷ್ಟವಾಗಲಾರದು.

ಅಷ್ಟೇ ಸಾಲದು. ತೆರಿಗೆಯನ್ನು ಬಿಟ್ಟರೂ ಬೆಲೆಯು ಉಳಿದೇ ಇರುವುದೆಂದು ಮೇಲೆಯೇ ಕಂಡೆವಷ್ಟೆ. ಅಶೋಕನ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎರಡನ್ನೂ ಏರ್ಪಡಿಸಿದ ಮಾತಿದೆ. ಮೂಲಿಕೆಗಳು ಇಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದ ಮಾತೂ ಇದೆ. ಸುಂಕವನ್ನು ಬಿಡುವುದು ಒಂದು; ಮದ್ದನ್ನೇ ಒದಗಿಸುವುದು ಮತ್ತೊಂದು. ನಮ್ಮ ನೆರೆಯ ಗೋವೆಯಲ್ಲಿ ಸರ್ಕಾರದವರೂ ಮಿಷನ್ ರೇಬೀಸ್ ಎಂಬ ಸಂಸ್ಥೆಯವರೂ ಕೂಡಿ ಊರೂರಿಗೆ ಹೋಗಿ, ಮನೆಯ ನಾಯಿ ಬೀದಿಯ ನಾಯಿ ಎಂಬ ಭೇದವಿಲ್ಲದೆ ವರ್ಷವರ್ಷವೂ ಲಸಿಕೆ ಹಾಕಿದರು. 2021ರಲ್ಲಿ ಗೋವೆಯನ್ನು ಈ ರೋಗವು ಹತೋಟಿಗೆ ಬಂದ ಪ್ರದೇಶವೆಂದು ಘೋಷಿಸಲಾಯಿತು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಅಲ್ಲಿ ಒಬ್ಬ ಮನುಷ್ಯನೂ ಅದರಿಂದ ಸತ್ತಿರಲಿಲ್ಲ. ನಾವು ಪೊಟ್ಟಣದ ಆಹಾರಕ್ಕೆ ತೆರುವ ಹದಿನೆಂಟರಲ್ಲಿ ಒಂದು ಪಾಲನ್ನು ಇಂತಹ ಕೆಲಸಕ್ಕೆ ತೆಗೆದಿಟ್ಟರೆ ಕೊಡುವವನಿಗೂ ಸಮಾಧಾನ.

ಇನ್ನು ಗೃಹಸ್ಥನ ಪಾಲಿನ ಮಾತು. ನಾಯಿಯನ್ನು ಮನೆಗೆ ತರುವ ಮುನ್ನವೇ ಅದರ ವೈದ್ಯಕ್ಕೆಂದು ತಿಂಗಳಿಗೆ ಇಷ್ಟು ಎಂದು ತೆಗೆದಿಡತಕ್ಕದ್ದು. ಅದು ಆಗದವನು ಸಾಕದಿರುವುದೇ ಧರ್ಮ. ಬಿಲ್ಲಿನಲ್ಲಿ ಶುಲ್ಕವನ್ನೂ ಔಷಧದ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿಕೊಂಡು, ಚಿಕಿತ್ಸೆಯ ಶುಲ್ಕಕ್ಕೆ ತೆರಿಗೆ ಸೇರಿಸಿದ್ದರೆ ವಿನಯದಿಂದ ಪ್ರಶ್ನಿಸತಕ್ಕದ್ದು. ಲಸಿಕೆಯನ್ನು ಕಾಲಕ್ಕೆ ಸರಿಯಾಗಿ ಹಾಕಿಸತಕ್ಕದ್ದು. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಅನೇಕ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಹಾಕುವರು.

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ಖರ್ಚಿಗೆ ಹೆದರಿ, ರೋಗಿಯಾದ ಪ್ರಾಣಿಯನ್ನು ರಾತ್ರಿಯಲ್ಲಿ ದೂರದ ಬೀದಿಯಲ್ಲಿ ಬಿಟ್ಟುಬರುವವರಿದ್ದಾರೆ. ಸಾಕಿದವನು ಪ್ರಾಣಿಯ ಯೋಗಕ್ಷೇಮವನ್ನು ನೋಡಿಕೊಳ್ಳಲೇಬೇಕೆಂದು 1960ನೆಯ ಪ್ರಾಣಿಹಿಂಸಾನಿವಾರಣ ಶಾಸನವು ಹೇಳುತ್ತದೆ. ಶಾಸನದ ಭಯವಿಲ್ಲದಿದ್ದರೂ, ನಾಯಿಯನ್ನು ತೊರೆದು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದವರು ನಾವು. ತೆರಿಗೆಯನ್ನು ಇಳಿಸೆಂದು ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಮನೆಯ ಬಾಗಿಲನ್ನು ಮುಚ್ಚದಿರುವವನ ಬಾಯಲ್ಲಿ ಆ ಕೋರಿಕೆಗೆ ಹೆಚ್ಚಿನ ಬಲ ಬರುತ್ತದೆ.