ಹಗ್ಗ ಸಡಿಲವಾಗಿರಲಿಲ್ಲ

ಪಂದ್ಯ ಸೋತವನಿಗೆ ನೆಪಗಳು ಬೇಗ ಸಿಗುತ್ತವೆ. ಪರೀಕ್ಷೆಯಲ್ಲಿ ಸೋತವನಿಗೂ ಅಷ್ಟೆ. ಅಮೆರಿಕದ ಹೆವಿವೇಟ್ ಬಾಕ್ಸರ್ ಜಾರ್ಜ್ ಫೋರ್‌ಮನ್ ಇದಕ್ಕೆ ಹೊರತಾಗಿರಲಿಲ್ಲ.

ಹುಟ್ಟಿದ್ದು 1949ರಲ್ಲಿ, ಟೆಕ್ಸಾಸ್ ರಾಜ್ಯದಲ್ಲಿ. ಬೆಳೆದದ್ದು ಹ್ಯೂಸ್ಟನ್ ನಗರದ ಬಡ ಕೇರಿಯಲ್ಲಿ. ಏಳು ಮಕ್ಕಳ ಸಂಸಾರವನ್ನು ತಾಯಿ ದುಡಿದು ತೂಗಿಸುತ್ತಿದ್ದಳು. ಹುಡುಗ ಶಾಲೆ ಬಿಟ್ಟ, ಬೀದಿ ಜಗಳಕ್ಕೆ ಬಿದ್ದ. ನಿರುದ್ಯೋಗಿ ಯುವಕರಿಗಾಗಿ ಸರ್ಕಾರ ನಡೆಸುತ್ತಿದ್ದ ‘ಜಾಬ್ ಕೋರ್’ ಶಿಬಿರ ಅವನನ್ನು ಉಳಿಸಿತು. ಅಲ್ಲಿಯ ತರಬೇತುದಾರ ಬೀದಿಯ ಮುಷ್ಟಿಯನ್ನು ರಿಂಗ್‌ನತ್ತ ತಿರುಗಿಸಿದ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. 1973ರಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಜೋ ಫ್ರೇಜಿಯರ್‌ನನ್ನು ಎರಡೇ ಸುತ್ತುಗಳಲ್ಲಿ ಆರು ಸಲ ಕೆಡವಿ ಫೋರ್‌ಮನ್ ವಿಶ್ವ ಚಾಂಪಿಯನ್ ಆದ.

1974ರ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ ಎದುರಾದ. ಆಡಿದ್ದ 40 ಪಂದ್ಯಗಳನ್ನೂ ಗೆದ್ದಿದ್ದ ಫೋರ್‌ಮನ್‌ಗೆ ಆಗ 25 ವರ್ಷ, ಅಲಿಗೆ 32. ಅಲಿ ಹಗ್ಗಕ್ಕೆ ಒರಗಿ, ಮುಖಕ್ಕೆ ಕೈ ಅಡ್ಡ ಹಿಡಿದು ಏಟು ತಿನ್ನುತ್ತಾ ಹೋದ. ಆ ಸೆಖೆಯಲ್ಲಿ ಫೋರ್‌ಮನ್ ಹೊಡೆದು ಹೊಡೆದೇ ದಣಿದ. ಎಂಟನೆಯ ಸುತ್ತಿನಲ್ಲಿ ನೆಲಕ್ಕುರುಳಿದ.

ಹಗ್ಗ ಸಡಿಲವಾಗಿತ್ತು, ಕುಡಿದ ನೀರಿನಲ್ಲಿ ಏನೋ ಬೆರೆತಿತ್ತು ಎಂದೆಲ್ಲ ಫೋರ್‌ಮನ್ ದೂರಿದ. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತ ಮೇಲೆ ಬಾಕ್ಸಿಂಗ್ ಬಿಟ್ಟು ಧರ್ಮ ಪ್ರಚಾರಕನಾದ. ಹ್ಯೂಸ್ಟನ್‌ನಲ್ಲಿ ಹುಡುಗರಿಗಾಗಿ ಒಂದು ಕೇಂದ್ರ ತೆರೆದ. ಅಲಿ ನ್ಯಾಯವಾಗಿಯೇ ಗೆದ್ದ ಎಂದು ಒಪ್ಪಿಕೊಳ್ಳಲು ಅವನಿಗೆ ವರ್ಷಗಳೇ ಹಿಡಿದವು. ಮುಂದೆ ಇಬ್ಬರೂ ಆಪ್ತ ಗೆಳೆಯರಾದರು.

ಹುಡುಗರ ಕೇಂದ್ರಕ್ಕೆ ಹಣ ಬೇಕಾಗಿ, ಹತ್ತು ವರ್ಷಗಳ ನಂತರ, 1987ರಲ್ಲಿ ಫೋರ್‌ಮನ್ ಮತ್ತೆ ಗ್ಲೌಸ್ ತೊಟ್ಟ. ಮೈ ದಪ್ಪಗಾಗಿತ್ತು, ತಲೆ ಬೋಳಾಗಿತ್ತು, ಜನ ನಕ್ಕರು. 1991ರಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಹನ್ನೆರಡು ಸುತ್ತು ನಿಂತು ಅಂಕಗಳ ಮೇಲೆ ಸೋತ. ಈ ಬಾರಿ ನೆಪ ಹುಡುಕಲಿಲ್ಲ, ಅಭ್ಯಾಸ ಬಿಡಲಿಲ್ಲ.

1994ರ ನವೆಂಬರ್ 5, ಲಾಸ್ ವೇಗಸ್. ಎದುರಾಳಿ 26ರ ಹರೆಯದ, ಅಜೇಯ ಚಾಂಪಿಯನ್ ಮೈಕಲ್ ಮೂರರ್. ಫೋರ್‌ಮನ್‌ಗೆ 45. ತೊಟ್ಟದ್ದು ಕಿನ್ಶಾಸಾದಲ್ಲಿ ಸೋತ ದಿನದ ಅದೇ ಕೆಂಪು ಚಡ್ಡಿ. ಸಲಹೆಗೆ ನಿಂತವನು ಅಂದು ಅಲಿಯ ಪಕ್ಕದಲ್ಲಿದ್ದ ತರಬೇತುದಾರ ಏಂಜೆಲೊ ಡಂಡಿ! ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದಿದ್ದ. ಆದರೂ ಅವಸರಪಡಲಿಲ್ಲ. ಹತ್ತನೆಯ ಸುತ್ತಿನಲ್ಲಿ ದಾರಿ ತೆರೆಯಿತು. ಬಲಗೈಯ ಒಂದು ನೇರ ಏಟಿಗೆ ಮೂರರ್ ಬಿದ್ದವನು ಹತ್ತು ಎಣಿಸುವಷ್ಟರಲ್ಲಿ ಏಳಲಿಲ್ಲ. ಫೋರ್‌ಮನ್ ತನ್ನ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ. ಹೆವಿವೇಟ್ ಕಿರೀಟ ಗೆದ್ದವರಲ್ಲಿ ಅತಿ ಹಿರಿಯನೆಂಬ ದಾಖಲೆ ಅವನದಾಯಿತು.

2025ರ ಮಾರ್ಚ್‌ನಲ್ಲಿ ತೀರಿಕೊಂಡ ಫೋರ್‌ಮನ್ ವೃತ್ತಿಜೀವನದ 81 ಪಂದ್ಯಗಳಲ್ಲಿ ಗೆದ್ದದ್ದು 76, ಸೋತದ್ದು ಐದು. ಆ ಐದರಲ್ಲಿ ಹೆಚ್ಚು ಕಲಿಸಿದ್ದು ಕಿನ್ಶಾಸಾದ ಸೋಲು. ಆದರೆ ಹಗ್ಗವನ್ನು ದೂರುವುದು ಬಿಟ್ಟ ಮೇಲಷ್ಟೇ. ಫಲಿತಾಂಶದ ದಿನ ಅಂಕಪಟ್ಟಿ ಹಿಡಿದು ಕೂತ ಮಗನಿಗೂ, ಎದುರು ನಿಂತ ಅಪ್ಪನಿಗೂ ಈ ಮಾತು ನೆನಪಿರಲಿ.